ವಿನೋದಾವಳಿ ಮತ್ತು ವಾಗ್ವಾದ: ಅಮೆರಿಕದ ಟೆಲಿವಿಷನ್ನಿನಲ್ಲಿ ಚುನಾವಣಾ ಚರ್ಚೆಯ ಉಗಮ (೧೯೪೮–೧೯೭೬)

ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಧುನಿಕ ರಾಜಕೀಯ ಚರಿತ್ರೆಯನ್ನು ಬರೆಯುವವರು ೧೯೬೦ರ ಸೆಪ್ಟೆಂಬರ್ ೨೬ನೆಯ ರಾತ್ರಿಯನ್ನು ಸಾಮಾನ್ಯವಾಗಿ ಒಂದು ಯುಗಾರಂಭವೆಂದು ಎಣಿಸುತ್ತಾರೆ. ಅಂದು ಷಿಕಾಗೋ ನಗರದ ಒಂದು ಟೆಲಿವಿಷನ್ ಸ್ಟುಡಿಯೋದಲ್ಲಿ ಅಧ್ಯಕ್ಷ ಪದವಿಯ ಉಮೇದುವಾರರಾಗಿದ್ದ ಜಾನ್ ಕೆನೆಡಿ ಮತ್ತು ರಿಚರ್ಡ್ ನಿಕ್ಸನ್ ಇವರು ಮುಖಾಮುಖಿಯಾಗಿ ವಾದಿಸಿದರು. ಸುಮಾರು ಏಳು ಕೋಟಿ ಜನ ಅದನ್ನು ತಮ್ಮ ಮನೆಗಳಲ್ಲಿ ಕುಳಿತು ನೋಡಿದರು. ಕಾಯಿಲೆಯಿಂದ ಎದ್ದು ಬಂದಿದ್ದ ನಿಕ್ಸನ್ನರ ಬಾಡಿದ ಮುಖ ಸೋತಿತು, ಕೆನೆಡಿಯವರ ಕಳೆಗೂಡಿದ ಮುಖ ಗೆದ್ದಿತು ಎಂಬ ಕಥೆ ಅಂದಿನಿಂದ ಇಂದಿನವರೆಗೂ ಪಠ್ಯಪುಸ್ತಕಗಳಲ್ಲಿ ನಡೆದು ಬಂದಿದೆ.

ಈ ಕಥೆ ಮನೋಹರವಾಗಿದೆ; ಆದರೆ ಇತಿಹಾಸದ ವಿದ್ಯಾರ್ಥಿಗೆ ಎರಡು ಪ್ರಶ್ನೆಗಳನ್ನು ಅದು ಉತ್ತರಿಸದೆ ಬಿಡುತ್ತದೆ. ಲಾಭಕ್ಕಾಗಿಯೇ ನಡೆಯುತ್ತಿದ್ದ ಖಾಸಗಿ ಪ್ರಸಾರ ಸಂಸ್ಥೆಗಳು ತಮ್ಮ ಅತ್ಯಂತ ಬೆಲೆಬಾಳುವ ಸಂಜೆಯ ವೇಳೆಯನ್ನು ರಾಜಕೀಯ ಚರ್ಚೆಗೆ ಹಣವಿಲ್ಲದೆ ಏಕೆ ಬಿಟ್ಟುಕೊಟ್ಟವು? ಅಷ್ಟೊಂದು ಯಶಸ್ವಿಯಾದ ಆ ಪ್ರಯೋಗ ೧೯೬೪, ೧೯೬೮, ೧೯೭೨ರ ಮೂರು ಚುನಾವಣೆಗಳಲ್ಲಿ ಏಕೆ ನಡೆಯದೆ ಹೋಗಿ ಹದಿನಾರು ವರ್ಷಗಳ ಅನಂತರ ಮತ್ತೆ ಕಾಣಿಸಿಕೊಂಡಿತು? ಈ ಪ್ರಶ್ನೆಗಳಿಗೆ ಉತ್ತರವನ್ನು ಮುಖಗಳಲ್ಲಿ ಹುಡುಕುವುದು ಸಾಲದು. ವೇಳೆಯ ಒಡೆತನದಲ್ಲಿ ಹುಡುಕಬೇಕು. ಟೆಲಿವಿಷನ್ನಿನ ಒಂದು ಗಂಟೆ ಯಾರದು, ಅದನ್ನು ಯಾರು ಯಾರಿಗೆ ಕೊಡಬಹುದು ಎಂಬ ವಿಚಾರವೇ ಚುನಾವಣಾ ಚರ್ಚೆಯ ಚರಿತ್ರೆಗೆ ಬೆನ್ನೆಲುಬು. ಆ ಗಂಟೆಯನ್ನು ಮೊದಲು ರೂಪಿಸಿದ್ದು ವಾಗ್ವಾದವಲ್ಲ, ವಿನೋದಾವಳಿ. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸುವುದು ಉಚಿತ.

೧. ವಿನೋದಾವಳಿಯ ಗಂಟೆ

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಮೆರಿಕದ ನಗರಗಳಲ್ಲಿ ವಾಡ್‌ವಿಲ್ ಎಂಬ ರಂಗಪದ್ಧತಿ ಬಹಳ ಜನಪ್ರಿಯವಾಗಿತ್ತು. ಒಂದೇ ಸಂಜೆಯಲ್ಲಿ ಹಾಡು, ಕುಣಿತ, ವಿದೂಷಕರ ಹಾಸ್ಯ, ದೊಂಬರಾಟ, ಕಣ್ಕಟ್ಟು, ಕಿರುನಾಟಕ ಇವು ಒಂದಾದ ಮೇಲೊಂದು ಬರುತ್ತಿದ್ದವು. ಚಲನಚಿತ್ರ ಮತ್ತು ರೇಡಿಯೋಗಳ ಪೈಪೋಟಿಯಲ್ಲಿ ಈ ಪದ್ಧತಿ ೧೯೩೦ರ ದಶಕದಲ್ಲಿ ಕ್ಷೀಣಿಸಿತು. ಟೆಲಿವಿಷನ್ ಅದಕ್ಕೆ ಮರುಜೀವ ಕೊಟ್ಟಿತು. ೧೯೪೮ರ ಜೂನ್ ೮ರಂದು ಎನ್.ಬಿ.ಸಿ. ಸಂಸ್ಥೆ 'ಟೆಕ್ಸಕೋ ಸ್ಟಾರ್ ಥಿಯೇಟರ್' ಎಂಬ ಕಾರ್ಯಕ್ರಮವನ್ನು ತೆರೆಗೆ ತಂದಿತು. ಬಾಲ್ಯದಿಂದಲೇ ವಾಡ್‌ವಿಲ್ ರಂಗದಲ್ಲಿ ಬೆಳೆದಿದ್ದ ಮಿಲ್ಟನ್ ಬರ್ಲ್ ಅದರ ನಾಯಕನಾದ. ಅದೇ ತಿಂಗಳ ೨೦ರಂದು ಸಿ.ಬಿ.ಎಸ್. ಸಂಸ್ಥೆಯಲ್ಲಿ ಪತ್ರಿಕಾ ಅಂಕಣಕಾರನಾಗಿದ್ದ ಎಡ್ ಸಲಿವನ್ ತನ್ನ ಭಾನುವಾರದ ಕಾರ್ಯಕ್ರಮವನ್ನು ಆರಂಭಿಸಿದ. ಇದು ಇಪ್ಪತ್ತಮೂರು ವರ್ಷಗಳ ಕಾಲ, ೧೯೭೧ರವರೆಗೆ, ನಡೆಯಿತು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ ಮೊದಲನೆಯ ಕಾರ್ಯಕ್ರಮದ ಹೆಸರು. ಟೆಕ್ಸಕೋ ಎಂಬುದು ಪೆಟ್ರೋಲ್ ಮಾರುವ ಕಂಪನಿ. ಆ ಕಂಪನಿಯ ಸಮವಸ್ತ್ರ ತೊಟ್ಟ ನಾಲ್ವರು ಗಾಯಕರ ಹಾಡಿನಿಂದಲೇ ಕಾರ್ಯಕ್ರಮ ಮೊದಲಾಗುತ್ತಿತ್ತು. ಪ್ರಸಾರ ಸಂಸ್ಥೆಯಿಂದ ವೇಳೆಯನ್ನು ಕೊಂಡ ಕಂಪನಿಯೇ ಆ ವೇಳೆಯ ಯಜಮಾನ. ಅದರಲ್ಲಿ ಏನು ಬರಬೇಕು, ಏನು ಬರಬಾರದು ಎಂಬುದರಲ್ಲಿ ಅದರ ಮಾತಿಗೆ ದೊಡ್ಡ ತೂಕವಿತ್ತು.

ಈ ವ್ಯವಸ್ಥೆಯನ್ನು ಸಡಿಲಿಸಲು ಯತ್ನಿಸಿದವನು ೧೯೫೩ರಲ್ಲಿ ಎನ್.ಬಿ.ಸಿ.ಯ ಅಧ್ಯಕ್ಷನಾದ ಸಿಲ್ವೆಸ್ಟರ್ ವೀವರ್. ಪತ್ರಿಕೆಯೊಂದರ ಪುಟಗಳಲ್ಲಿ ಹಲವು ಜಾಹೀರಾತುದಾರರು ಸ್ಥಳವನ್ನು ಕೊಳ್ಳುವಂತೆ ಟೆಲಿವಿಷನ್ನಿನಲ್ಲಿ ನಿಮಿಷಗಳನ್ನು ಕೊಳ್ಳಲಿ, ಕಾರ್ಯಕ್ರಮದ ಒಡೆತನ ಮಾತ್ರ ಪ್ರಸಾರ ಸಂಸ್ಥೆಯಲ್ಲಿಯೇ ಉಳಿಯಲಿ ಎಂಬುದು ಅವನ ಸೂತ್ರ. ಅದರೊಡನೆ ೧೯೫೪ರಿಂದ ಅವನು 'ಸ್ಪೆಕ್ಟಾಕ್ಯುಲರ್' ಎಂಬ ಹೆಸರಿನ ವಿಶೇಷ ಕಾರ್ಯಕ್ರಮಗಳನ್ನು ರೂಢಿಗೆ ತಂದ. ವಾರವಾರವೂ ಅದೇ ಹೊತ್ತಿಗೆ ಬರುವ ಕಾರ್ಯಕ್ರಮವನ್ನು ಬದಿಗೆ ಸರಿಸಿ, ಮುಂಚಿತವಾಗಿ ಸಾರಿ, ಒಂದು ರಾತ್ರಿಯ ಮಟ್ಟಿಗೆ ದೇಶದ ಗಮನವನ್ನೆಲ್ಲ ಸೆಳೆಯುವುದು ಇವುಗಳ ಗುರಿ. ೧೯೫೫ರ ಮಾರ್ಚ್ ೭ರಂದು ಮೇರಿ ಮಾರ್ಟಿನ್ ಅಭಿನಯಿಸಿದ 'ಪೀಟರ್ ಪ್ಯಾನ್' ಸಂಗೀತರೂಪಕವನ್ನು ಆರೂವರೆ ಕೋಟಿ ಜನ ನೋಡಿದರೆಂದು ಅಂದಾಜು ಮಾಡಲಾಗಿತ್ತು.

ಇದಕ್ಕೂ ಮೊದಲಿನ ಒಂದು ಸಂಜೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ೧೯೫೩ರ ಜೂನ್ ೧೫ರಂದು ಫೋರ್ಡ್ ಮೋಟಾರು ಕಂಪನಿ ತನ್ನ ಸುವರ್ಣೋತ್ಸವದ ಅಂಗವಾಗಿ ಎರಡು ಗಂಟೆಗಳ ವಿನೋದಾವಳಿಯೊಂದನ್ನು ಏರ್ಪಡಿಸಿ, ಎನ್.ಬಿ.ಸಿ. ಮತ್ತು ಸಿ.ಬಿ.ಎಸ್. ಎರಡರಲ್ಲಿಯೂ ಏಕಕಾಲಕ್ಕೆ ಪ್ರಸಾರ ಮಾಡಿಸಿತು. ಗಾಯಕಿಯರಾದ ಮೇರಿ ಮಾರ್ಟಿನ್ ಮತ್ತು ಎಥೆಲ್ ಮರ್ಮನ್ ಇವರ ಜೊತೆಯಲ್ಲಿ ಸುದ್ದಿಗಾರ ಎಡ್ವರ್ಡ್ ಮರೋ ಕೂಡ ಅದರಲ್ಲಿ ಕಾಣಿಸಿಕೊಂಡು ಗಂಭೀರ ವಿಷಯಗಳನ್ನು ಕುರಿತು ಮಾತನಾಡಿದ. ಪ್ರತಿಸ್ಪರ್ಧಿ ಸಂಸ್ಥೆಗಳು ಒಂದೇ ದೃಶ್ಯವನ್ನು ಒಂದೇ ಹೊತ್ತಿಗೆ ಬಿತ್ತರಿಸಿದರೆ ದೇಶವೇ ಒಂದು ಸಭೆಯಾಗುತ್ತದೆ ಎಂಬುದನ್ನು ಆ ರಾತ್ರಿ ತೋರಿಸಿಕೊಟ್ಟಿತು. ಏಳು ವರ್ಷಗಳ ಬಳಿಕ ಚುನಾವಣಾ ಚರ್ಚೆ ನಡೆದದ್ದು ಇದೇ ಅಚ್ಚಿನಲ್ಲಿ: ಮುಂಚಿತವಾದ ಸಾರಣೆ, ವಾಡಿಕೆಯ ಕಾರ್ಯಕ್ರಮಗಳ ರದ್ದು, ಎಲ್ಲ ಜಾಲಗಳಲ್ಲಿಯೂ ಏಕಕಾಲದ ಪ್ರಸಾರ.

೨. ವಾಗ್ವಾದ ಮತ್ತು ಶಾಸನ

ಅಮೆರಿಕದ ಜನರಿಗೆ ಸಾರ್ವಜನಿಕ ವಾಗ್ವಾದ ಹೊಸದೇನೂ ಆಗಿರಲಿಲ್ಲ. ೧೮೫೮ರಲ್ಲಿ ಇಲಿನಾಯ್ ಸಂಸ್ಥಾನದ ಸೆನೆಟ್ ಸ್ಥಾನಕ್ಕಾಗಿ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಾಸ್ ಏಳು ಊರುಗಳಲ್ಲಿ ವಾದಿಸಿದ್ದರು. ಮೊದಲನೆಯವನಿಗೆ ಒಂದು ಗಂಟೆ, ಎರಡನೆಯವನಿಗೆ ಒಂದೂವರೆ ಗಂಟೆ, ಮತ್ತೆ ಮೊದಲನೆಯವನಿಗೆ ಅರ್ಧ ಗಂಟೆ—ಹೀಗೆ ಒಟ್ಟು ಮೂರು ಗಂಟೆಗಳು. ರೇಡಿಯೋ ಯುಗದಲ್ಲಿ, ೧೯೪೮ರ ಮೇ ೧೭ರಂದು, ರಿಪಬ್ಲಿಕನ್ ಪಕ್ಷದ ಥಾಮಸ್ ಡ್ಯೂಯಿ ಮತ್ತು ಹೆರಾಲ್ಡ್ ಸ್ಟ್ಯಾಸನ್ ಕಮ್ಯೂನಿಸ್ಟ್ ಪಕ್ಷವನ್ನು ನಿಷೇಧಿಸಬೇಕೆ ಎಂಬ ಒಂದೇ ವಿಷಯವನ್ನು ಹಿಡಿದು ಪೋರ್ಟ್‌ಲೆಂಡಿನಲ್ಲಿ ಒಂದು ಗಂಟೆ ಚರ್ಚಿಸಿದರು. ೧೯೫೬ರ ಮೇ ೨೧ರಂದು ಡೆಮೊಕ್ರಾಟಿಕ್ ಪಕ್ಷದ ಅಡ್ಲಾಯ್ ಸ್ಟೀವನ್‌ಸನ್ ಮತ್ತು ಎಸ್ಟಿಸ್ ಕೆಫಾವರ್ ಟೆಲಿವಿಷನ್ನಿನಲ್ಲಿಯೇ ವಾದಿಸಿದರು.

ಆದರೆ ಇವೆರಡೂ ಒಂದೇ ಪಕ್ಷದೊಳಗಿನ ಸ್ಪರ್ಧೆಗಳು. ಅಂತಿಮ ಚುನಾವಣೆಯಲ್ಲಿ ಇಂತಹ ಚರ್ಚೆಗೆ ಶಾಸನವೇ ಅಡ್ಡವಾಗಿತ್ತು. ೧೯೩೪ರ ಸಂಪರ್ಕ ಶಾಸನದ ೩೧೫ನೆಯ ಪ್ರಕರಣದ ಪ್ರಕಾರ, ಪ್ರಸಾರ ಕೇಂದ್ರವೊಂದು ಯಾವನೇ ಉಮೇದುವಾರನಿಗೆ ತನ್ನ ವೇಳೆಯನ್ನು ಬಳಸಲು ಅವಕಾಶ ಕೊಟ್ಟರೆ, ಅದೇ ಸ್ಥಾನಕ್ಕೆ ನಿಂತ ಉಳಿದ ಎಲ್ಲ ಉಮೇದುವಾರರಿಗೂ ಸಮಾನ ಅವಕಾಶವನ್ನು ಕೊಡತಕ್ಕದ್ದು. ನಿಯಮದ ಆಶಯ ನ್ಯಾಯವಾದುದೇ. ವಾಯುತರಂಗಗಳು ಸಾರ್ವಜನಿಕರ ಸ್ವತ್ತು. ಪರವಾನಗಿ ಪಡೆದ ಕೇಂದ್ರವು ತನಗೆ ಬೇಕಾದವರನ್ನು ಮೆರೆಸಿ, ಬೇಡವಾದವರನ್ನು ಮರೆಸಬಾರದು. ಆದರೆ ಅಧ್ಯಕ್ಷ ಪದವಿಗೆ ಎರಡು ದೊಡ್ಡ ಪಕ್ಷಗಳವರಲ್ಲದೆ ಹಲವು ಸಣ್ಣ ಪಕ್ಷಗಳವರೂ ನಿಲ್ಲುತ್ತಾರೆ. ಇಬ್ಬರಿಗೆ ಒಂದು ಗಂಟೆ ಕೊಟ್ಟರೆ ಉಳಿದವರಿಗೆಲ್ಲ ಅದೇ ಲೆಕ್ಕದಲ್ಲಿ ಕೊಡಬೇಕು. ಪ್ರಸಾರ ಸಂಸ್ಥೆಗಳು ಯಾರಿಗೂ ಕೊಡದಿರುವುದೇ ಲೇಸೆಂದು ಭಾವಿಸಿದವು. ಎಲ್ಲರಿಗೂ ಬಾಗಿಲು ತೆರೆಯಲೆಂದು ಮಾಡಿದ ಶಾಸನ ಹೀಗೆ ಎಲ್ಲರಿಗೂ ಬಾಗಿಲು ಮುಚ್ಚಿತು.

ಈ ನಿಯಮ ಎಷ್ಟು ದೂರ ಹೋಗಬಹುದೆಂಬುದು ೧೯೫೯ರಲ್ಲಿ ಗೊತ್ತಾಯಿತು. ಷಿಕಾಗೋ ನಗರದ ಮೇಯರ್ ಪದವಿಗೆ ಸ್ಪರ್ಧಿಸಿದ್ದ ಲಾರ್ ಡೇಲಿ ಎಂಬಾತ, ಸುದ್ದಿಪ್ರಸಾರದಲ್ಲಿ ಎದುರಾಳಿಗಳ ಚಿತ್ರ ತೋರಿಸಿದ್ದರಿಂದ ತನಗೂ ಸಮಾನ ಅವಕಾಶ ಸಲ್ಲಬೇಕೆಂದು ಹಕ್ಕು ಸಾಧಿಸಿದ. ಫೆಡರಲ್ ಸಂಪರ್ಕ ಆಯೋಗ ಅವನ ಪರವಾಗಿ ತೀರ್ಪಿತ್ತಿತು. ಇದರಿಂದ ಎಚ್ಚೆತ್ತ ಶಾಸನಸಭೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಿದ್ದುಪಡಿ ಮಾಡಿ, ಸುದ್ದಿಪ್ರಸಾರ, ಸುದ್ದಿ ಸಂದರ್ಶನ, ಮತ್ತು ಸುದ್ದಿಯೋಗ್ಯ ಘಟನೆಗಳ ಸ್ಥಳದಿಂದಲೇ ಮಾಡುವ ನೇರ ಪ್ರಸಾರ ಮೊದಲಾದವನ್ನು ನಿಯಮದಿಂದ ಹೊರಗಿಟ್ಟಿತು. 'ಸುದ್ದಿಯೋಗ್ಯ ಘಟನೆ' ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ದೊಡ್ಡ ಬಾಗಿಲಾಗುತ್ತದೆ.

೩. ಪ್ರಾಯಶ್ಚಿತ್ತದ ಗಂಟೆ

ಇದೇ ಹೊತ್ತಿಗೆ ಟೆಲಿವಿಷನ್ ಸಂಸ್ಥೆಗಳ ಮಾನಕ್ಕೆ ಭಾರಿ ಪೆಟ್ಟು ಬಿದ್ದಿತು. ಹಣದ ಬಹುಮಾನವುಳ್ಳ ಪ್ರಶ್ನೋತ್ತರ ಸ್ಪರ್ಧೆಗಳು ಆಗ ವಿನೋದಾವಳಿಯಷ್ಟೇ ಜನಪ್ರಿಯವಾಗಿದ್ದವು. 'ಟ್ವೆಂಟಿಒನ್' ಎಂಬ ಸ್ಪರ್ಧೆಯಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಅಧ್ಯಾಪಕ ಚಾರ್ಲ್ಸ್ ವಾನ್ ಡೋರೆನ್ ೧,೨೯,೦೦೦ ಡಾಲರುಗಳನ್ನು ಗೆದ್ದು ದೇಶದ ಕಣ್ಮಣಿಯಾಗಿದ್ದ. ೧೯೫೯ರ ನವೆಂಬರ್ ೨ರಂದು ಅವನು ಶಾಸನಸಭೆಯ ಉಪಸಮಿತಿಯ ಮುಂದೆ ನಿಂತು, ಪ್ರಶ್ನೆಗಳನ್ನೂ ಉತ್ತರಗಳನ್ನೂ ತನಗೆ ಮೊದಲೇ ತಿಳಿಸಲಾಗಿತ್ತೆಂದು ಒಪ್ಪಿಕೊಂಡ. ವಿದ್ಯೆಯ ಹೆಸರಿನಲ್ಲಿ ನಡೆದ ಈ ವಂಚನೆ ಅಧ್ಯಾಪಕ ವರ್ಗಕ್ಕೂ ಕಳಂಕವಾಯಿತು. ಸಂಸ್ಥೆಗಳ ಮೇಲೆ ಸರ್ಕಾರದ ಬಿಗಿ ಹೆಚ್ಚಾಗಬಹುದೆಂಬ ಭಯವೂ ತಲೆದೋರಿತು.

ಸಾರ್ವಜನಿಕ ಸೇವೆಯ ಒಂದು ದೊಡ್ಡ ಕಾರ್ಯದಿಂದ ಈ ಅಪಕೀರ್ತಿಯನ್ನು ತೊಳೆಯಬೇಕೆಂಬ ಆಸೆ ಸಂಸ್ಥೆಗಳಿಗಿತ್ತು. ಜೊತೆಗೆ, ೩೧೫ನೆಯ ಪ್ರಕರಣವನ್ನು ತೆಗೆಸಬೇಕೆಂದು ಸಿ.ಬಿ.ಎಸ್.ನ ಅಧ್ಯಕ್ಷ ಫ್ರಾಂಕ್ ಸ್ಟಾಂಟನ್ ಬಹುಕಾಲದಿಂದ ವಾದಿಸುತ್ತಿದ್ದ. ಅಡ್ಲಾಯ್ ಸ್ಟೀವನ್‌ಸನ್ ಕೂಡ ಉಮೇದುವಾರರಿಗೆ ಉಚಿತ ವೇಳೆ ದೊರೆಯಬೇಕೆಂದು ೧೯೬೦ರಲ್ಲಿ ಲೇಖನ ಬರೆದು, ಸೆನೆಟ್ಟಿನ ಉಪಸಮಿತಿಯ ಮುಂದೆಯೂ ಪ್ರತಿಪಾದಿಸಿದ. ಕೊನೆಗೆ ಶಾಸನಸಭೆ ಮಧ್ಯಮ ಮಾರ್ಗವನ್ನು ಹಿಡಿಯಿತು. ೧೯೬೦ರ ಆಗಸ್ಟ್ ೨೪ರಂದು ಅಧ್ಯಕ್ಷ ಐಸೆನ್‌ಹೋವರ್ ಅಂಕಿತ ಹಾಕಿದ ನಿರ್ಣಯವು ಆ ಒಂದು ಚುನಾವಣೆಯ ಮಟ್ಟಿಗೆ, ಅಧ್ಯಕ್ಷ ಮತ್ತು ಉಪಾಧ್ಯಕ್ಷ ಪದವಿಗಳ ವಿಷಯದಲ್ಲಿ ಮಾತ್ರ, ಸಮಾನಾವಕಾಶದ ನಿಯಮವನ್ನು ಅಮಾನತಿನಲ್ಲಿಟ್ಟಿತು. ಸುಮಾರು ಒಂದು ತಿಂಗಳ ಬಳಿಕ ಮೊದಲನೆಯ ಚರ್ಚೆ ನಡೆದುಹೋಯಿತು.

ಸೆಪ್ಟೆಂಬರ್ ೨೬, ಅಕ್ಟೋಬರ್ ೭, ೧೩ ಮತ್ತು ೨೧ರಂದು ಒಟ್ಟು ನಾಲ್ಕು ಚರ್ಚೆಗಳು ನಡೆದವು. ಒಂದೊಂದೂ ಒಂದು ಗಂಟೆ, ಜಾಹೀರಾತಿಲ್ಲದೆ. ಮೊದಲನೆಯದಕ್ಕೆ ಹೋವರ್ಡ್ ಸ್ಮಿತ್ ಅಧ್ಯಕ್ಷತೆ ವಹಿಸಿದ. ಡಾನ್ ಹ್ಯೂಯಿಟ್ ನಿರ್ದೇಶಿಸಿದ. ಪ್ರಾರಂಭದ ಭಾಷಣಕ್ಕೆ ತಲಾ ಎಂಟು ನಿಮಿಷ, ಸಮಾರೋಪಕ್ಕೆ ಮೂರು ನಿಮಿಷಕ್ಕೂ ಸ್ವಲ್ಪ ಹೆಚ್ಚು; ನಡುವೆ ಪತ್ರಕರ್ತರ ಪ್ರಶ್ನೆಗಳು, ಎರಡೂವರೆ ನಿಮಿಷಗಳ ಉತ್ತರಗಳು. ಲಿಂಕನ್ ಮತ್ತು ಡಗ್ಲಾಸರ ಮೂರು ಗಂಟೆಗಳ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ, ವಾದವು ವಿನೋದಾವಳಿಯ ಅಳತೆಗೋಲಿಗೆ ಒಗ್ಗಿದ್ದು ಸ್ಪಷ್ಟವಾಗುತ್ತದೆ. ಅಕ್ಟೋಬರ್ ೧೩ರ ಚರ್ಚೆಯಲ್ಲಂತೂ ಕೆನೆಡಿ ನ್ಯೂಯಾರ್ಕಿನಲ್ಲಿಯೂ ನಿಕ್ಸನ್ ಲಾಸ್ ಏಂಜಲಿಸಿನಲ್ಲಿಯೂ ಇದ್ದರು. ಮುಖಾಮುಖಿಯೆಂಬುದು ನೋಡುವವರ ಪರದೆಯ ಮೇಲೆ ಮಾತ್ರ ಇತ್ತು.

೪. ಮುಖದ ಕಥೆ ಮತ್ತು ಅದರ ಆಧಾರ

ಇನ್ನು ಪ್ರಚಲಿತ ಕಥೆಯನ್ನು ಪರಿಶೀಲಿಸೋಣ. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆಯಲ್ಲಿದ್ದು ತೂಕ ಕಳೆದುಕೊಂಡಿದ್ದುದೂ, ಅವರ ಬೂದುಬಣ್ಣದ ಉಡುಪು ಹಿನ್ನೆಲೆಯ ಬಣ್ಣದಲ್ಲಿ ಕರಗಿಹೋದುದೂ ನಿಜ. ಆದರೆ ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದೂ, ಟೆಲಿವಿಷನ್ನಿನಲ್ಲಿ ನೋಡಿದವರು ಕೆನೆಡಿ ಗೆದ್ದರೆಂದೂ ಭಾವಿಸಿದರು ಎಂಬ ಹೇಳಿಕೆಯ ಆಧಾರ ತೀರ ತೆಳುವಾದದ್ದು. ಅದಕ್ಕೆ ಮೂಲವಾದ ಮುಖ್ಯ ಅಂಕಿಅಂಶ ಸಿಂಡ್ಲಿಂಗರ್ ಎಂಬ ಸಂಸ್ಥೆ ನಡೆಸಿದ ದೂರವಾಣಿ ಸಮೀಕ್ಷೆಯಿಂದ ಬಂದದ್ದು; ಅದರಲ್ಲಿ ರೇಡಿಯೋ ಕೇಳಿದವರ ಸಂಖ್ಯೆ ಮುನ್ನೂರನ್ನೂ ಮುಟ್ಟುವುದಿಲ್ಲ. ೧೯೮೭ರಲ್ಲಿ ವ್ಯಾನ್ಸಿಲ್ ಮತ್ತು ಪೆಂಡೆಲ್ ಎಂಬ ಸಂಶೋಧಕರು ಈ ದೌರ್ಬಲ್ಯವನ್ನು ಎತ್ತಿ ತೋರಿಸಿದರು. ೧೯೬೦ರ ಹೊತ್ತಿಗೆ ಅಮೆರಿಕದ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತರಲ್ಲಿ ಟೆಲಿವಿಷನ್ ಇತ್ತು. ರೇಡಿಯೋವನ್ನೇ ನಂಬಿದ್ದವರಲ್ಲಿ ಮೊದಲಿನಿಂದಲೂ ನಿಕ್ಸನ್ನರ ಕಡೆಗೆ ಒಲಿದಿದ್ದ ಹಳ್ಳಿಗಾಡಿನ ಜನರ ಪ್ರಮಾಣ ಹೆಚ್ಚಾಗಿದ್ದಿರಬಹುದು. ಹಾಗಿದ್ದಲ್ಲಿ ಅವರ ಅಭಿಪ್ರಾಯ ಚರ್ಚೆಯ ಫಲವೋ, ಪೂರ್ವದ ಒಲವೋ ಎಂದು ನಿರ್ಣಯಿಸುವುದು ಹೇಗೆ?

ಇನ್ನೊಂದು ಪಕ್ಷವನ್ನೂ ಹೇಳಬೇಕು. ೨೦೦೩ರಲ್ಲಿ ಜೇಮ್ಸ್ ಡ್ರಕ್‌ಮನ್ ಆ ಚರ್ಚೆಯ ಪರಿಚಯವೇ ಇಲ್ಲದವರಿಗೆ ಅದನ್ನು ತೋರಿಸಿ, ಕೇಳಿಸಿ, ಪ್ರಯೋಗ ನಡೆಸಿದಾಗ, ಕೇಳಿದವರಿಗಿಂತ ನೋಡಿದವರಲ್ಲಿ ಕೆನೆಡಿ ಗೆದ್ದರೆಂದವರು ಹೆಚ್ಚಾಗಿದ್ದರು. ಆದುದರಿಂದ ದೃಶ್ಯಕ್ಕೆ ಪ್ರಭಾವವೇ ಇಲ್ಲವೆಂದು ಸಾಧಿಸಲಾಗದು. ಆದರೆ ದೃಶ್ಯಕ್ಕೆ ಪ್ರಭಾವವಿರಬಲ್ಲದೆಂಬುದು ಒಂದು ಮಾತು. ಆ ರಾತ್ರಿಯ ಮುಖವೇ ಚುನಾವಣೆಯನ್ನು ತೀರ್ಮಾನಿಸಿತೆಂಬುದು ಬೇರೆ ಮಾತು. ಆರು ಕೋಟಿ ಎಂಬತ್ತೆಂಟು ಲಕ್ಷ ಮತಗಳಲ್ಲಿ ಸುಮಾರು ೧,೧೩,೦೦೦ ಮತಗಳ ಅಂತರದಿಂದ ಮುಗಿದ ಸ್ಪರ್ಧೆಯಲ್ಲಿ ಯಾವ ಕಾರಣವನ್ನು ಹಿಡಿದರೂ ಅದೇ ನಿರ್ಣಾಯಕವೆಂದು ತೋರಿಸಬಹುದು. ಎಲ್ಲವನ್ನೂ ವಿವರಿಸಬಲ್ಲ ಕಾರಣ ಇತಿಹಾಸಕಾರನಿಗೆ ಯಾವುದನ್ನೂ ವಿವರಿಸುವುದಿಲ್ಲ.

೫. ಹದಿನಾರು ವರ್ಷಗಳ ಮೌನ

ಮುಖವೇ ಮುಖ್ಯವೆನ್ನುವ ಕಥೆ ಮುಂದಿನ ಮೌನವನ್ನು ವಿವರಿಸಲಾರದು. ವೇಳೆಯ ಒಡೆತನದ ಕಥೆ ವಿವರಿಸುತ್ತದೆ. ೧೯೬೦ರ ವಿನಾಯಿತಿ ಆ ವರ್ಷಕ್ಕೇ ಮುಗಿದಿತ್ತು. ಅದನ್ನು ೧೯೬೪ಕ್ಕೂ ವಿಸ್ತರಿಸುವ ಮಸೂದೆಯನ್ನು ಆ ವರ್ಷದ ಆಗಸ್ಟಿನಲ್ಲಿ ಸೆನೆಟ್ ಬದಿಗಿಟ್ಟಿತು. ಅಧಿಕಾರದಲ್ಲಿದ್ದ ಜಾನ್ಸನ್ನರಿಗೆ ಎದುರಾಳಿಯನ್ನು ತಮ್ಮ ಸರಿಸಮಕ್ಕೆ ನಿಲ್ಲಿಸಿಕೊಳ್ಳುವ ಅಗತ್ಯವಿರಲಿಲ್ಲ. ಅದೇ ವರ್ಷದ ಫೆಬ್ರವರಿ ೯ರಂದು ಎಡ್ ಸಲಿವನ್ನನ ವಿನೋದಾವಳಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ಗಾಯಕರನ್ನು ನೋಡಲು ಏಳು ಕೋಟಿ ಮೂವತ್ತು ಲಕ್ಷ ಜನ ಕೂಡಿದ್ದರು. ದೇಶವನ್ನು ಒಂದು ಸಭೆಯಾಗಿ ಕೂಡಿಸುವ ಶಕ್ತಿ ಟೆಲಿವಿಷನ್ನಿಗೆ ಇದ್ದೇ ಇತ್ತು. ಸಭೆಯ ಮುಂದೆ ವಾದಿಸುವ ಇಚ್ಛೆ ಅಧಿಕಾರದಲ್ಲಿದ್ದವರಿಗೆ ಇರಲಿಲ್ಲ.

೧೯೬೮ರ ನಿದರ್ಶನ ಇನ್ನೂ ಬೋಧಪ್ರದವಾಗಿದೆ. ಆ ವರ್ಷ ನಿಕ್ಸನ್ ಚರ್ಚೆಯಿಂದ ದೂರವೇ ಉಳಿದರು. ಆದರೆ ಸೆಪ್ಟೆಂಬರ್ ೧೬ರಂದು 'ಲಾಫ್‌ಇನ್' ಎಂಬ ಹಾಸ್ಯ ವಿನೋದಾವಳಿಯಲ್ಲಿ ಕೆಲವು ಕ್ಷಣಗಳ ಮಟ್ಟಿಗೆ ಕಾಣಿಸಿಕೊಂಡು, ಆ ಕಾರ್ಯಕ್ರಮದ ಒಂದು ನಗೆಮಾತನ್ನು ಆಡಿಹೋದರು. ಇದಕ್ಕಿಂತ ಮುಖ್ಯವಾದುದು ಅವರಿಗಾಗಿ ರಚಿತವಾದ ಪ್ರಶ್ನೋತ್ತರ ಕಾರ್ಯಕ್ರಮಗಳು. ಪ್ರಚಾರ ತಂಡದವರೇ ಆರಿಸಿದ ನಾಗರಿಕರು ಪ್ರಶ್ನೆ ಕೇಳುತ್ತಿದ್ದರು, ಪಕ್ಷದವರೇ ಕೂಡಿಸಿದ ಸಭೆ ಚಪ್ಪಾಳೆ ತಟ್ಟುತ್ತಿತ್ತು, ನಿಕ್ಸನ್ ನಡುವೆ ನಿಂತು ಉತ್ತರಿಸುತ್ತಿದ್ದರು. ಇವುಗಳನ್ನು ರೂಪಿಸಿದ ರೋಜರ್ ಐಲ್ಸ್ 'ಮೈಕ್ ಡಗ್ಲಾಸ್ ಷೋ' ಎಂಬ ವಿನೋದಾವಳಿಯ ನಿರ್ಮಾಪಕನಾಗಿದ್ದವನು. ಪ್ರಚಾರ ತಂಡ ವೇಳೆಯನ್ನು ಹಣ ಕೊಟ್ಟು ಕೊಂಡಿದ್ದರಿಂದ ಎದುರಾಳಿಯ ಗೊಡವೆಯೇ ಇರಲಿಲ್ಲ. ಟೆಕ್ಸಕೋ ಕಂಪನಿ ೧೯೪೮ರಲ್ಲಿ ಇದ್ದ ಸ್ಥಾನದಲ್ಲಿ ಈಗ ಉಮೇದುವಾರನೇ ಬಂದು ನಿಂತಿದ್ದ. ಚರ್ಚೆಯ ವೇಷವಿತ್ತು, ಪ್ರತಿವಾದಿ ಮಾತ್ರ ಇರಲಿಲ್ಲ.

೬. 'ಘಟನೆ'ಯಾದ ಚರ್ಚೆ

ಬಾಗಿಲು ಮತ್ತೆ ತೆರೆದದ್ದು ೧೯೭೫ರಲ್ಲಿ, ಶಾಸನದ ಒಂದು ಹೊಸ ವ್ಯಾಖ್ಯಾನದಿಂದ. ಪ್ರಸಾರ ಸಂಸ್ಥೆಯಲ್ಲದ ಬೇರೊಬ್ಬರು ಚರ್ಚೆಯನ್ನು ಏರ್ಪಡಿಸಿ, ಟೆಲಿವಿಷನ್ ಅದನ್ನು ನೇರವಾಗಿ, ಪೂರ್ಣವಾಗಿ ಬಿತ್ತರಿಸಿದರೆ, ಅದು 'ಸುದ್ದಿಯೋಗ್ಯ ಘಟನೆ'ಯಾಗುವುದರಿಂದ ಸಮಾನಾವಕಾಶದ ನಿಯಮ ಅನ್ವಯಿಸದು ಎಂದು ಸಂಪರ್ಕ ಆಯೋಗ ತೀರ್ಮಾನಿಸಿತು. ಮಹಿಳಾ ಮತದಾರರ ಒಕ್ಕೂಟವು ಆ ಹೊಣೆಯನ್ನು ಹೊತ್ತು, ೧೯೭೬ರ ಸೆಪ್ಟೆಂಬರ್ ೨೩ರಂದು ಜೆರಾಲ್ಡ್ ಫೋರ್ಡ್ ಮತ್ತು ಜಿಮ್ಮಿ ಕಾರ್ಟರ್ ಇವರ ಚರ್ಚೆಯನ್ನು ಫಿಲಡೆಲ್ಫಿಯಾದ ವಾಲ್ನಟ್ ಸ್ಟ್ರೀಟ್ ರಂಗಮಂದಿರದಲ್ಲಿ ಏರ್ಪಡಿಸಿತು. ೧೮೦೯ರಲ್ಲಿ ಸರ್ಕಸ್ಸಿಗಾಗಿ ತೆರೆಯಲ್ಪಟ್ಟಿದ್ದ ಮಂದಿರವದು. ಚರ್ಚೆಯ ಕೊನೆಯ ಭಾಗದಲ್ಲಿ ಧ್ವನಿಯಂತ್ರ ಕೆಟ್ಟು ಇಪ್ಪತ್ತೇಳು ನಿಮಿಷಗಳ ಕಾಲ ಮಾತು ಹೊರಬೀಳಲಿಲ್ಲ. ಇಬ್ಬರೂ ಉಮೇದುವಾರರು ತಮ್ಮ ತಮ್ಮ ಪೀಠದ ಹಿಂದೆಯೇ ಸುಮ್ಮನೆ ನಿಂತಿದ್ದರು. ಕಾನೂನು ಹೇಳಿದಂತೆ ಇದು ಸ್ವತಂತ್ರವಾಗಿ ನಡೆಯುವ ಘಟನೆಯಾಗಿದ್ದರೆ, ಮಂದಿರದಲ್ಲಿದ್ದ ಸಭಿಕರಿಗಾಗಿ ಅವರು ವಾದವನ್ನು ಮುಂದುವರಿಸಬಹುದಾಗಿತ್ತು. ಟೆಲಿವಿಷನ್ ಮೌನವಾದೊಡನೆ ಘಟನೆಯೇ ನಿಂತುಹೋಯಿತು.

ಮುಂದಿನ ಬೆಳವಣಿಗೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ೧೯೮೭ರಲ್ಲಿ ಎರಡು ದೊಡ್ಡ ಪಕ್ಷಗಳ ಮುಖಂಡರು ಚರ್ಚೆಗಳಿಗಾಗಿಯೇ ಒಂದು ಆಯೋಗವನ್ನು ರಚಿಸಿದರು. ಉಮೇದುವಾರರ ತಂಡಗಳೇ ನಿಯಮಗಳನ್ನು ಗೊತ್ತುಮಾಡಲು ಹೊರಟದ್ದನ್ನು ಪ್ರತಿಭಟಿಸಿ ಮಹಿಳಾ ಮತದಾರರ ಒಕ್ಕೂಟ ೧೯೮೮ರಲ್ಲಿ ಹಿಂದೆ ಸರಿಯಿತು. ೨೦೨೪ರಲ್ಲಿ ಆ ಆಯೋಗವೂ ಬದಿಗೆ ಸರಿಸಲ್ಪಟ್ಟು, ಜೂನ್ ೨೭ ಮತ್ತು ಸೆಪ್ಟೆಂಬರ್ ೧೦ರ ಅಧ್ಯಕ್ಷೀಯ ಚರ್ಚೆಗಳನ್ನು ಸಿ.ಎನ್.ಎನ್. ಮತ್ತು ಎ.ಬಿ.ಸಿ. ಎಂಬ ಪ್ರಸಾರ ಸಂಸ್ಥೆಗಳೇ ನಡೆಸಿದವು. ೧೯೬೦ರಲ್ಲಿ ಇಲ್ಲದಿದ್ದ ಜಾಹೀರಾತು ವಿರಾಮಗಳು ಈ ಎರಡರ ನಡುವೆಯೂ ಬಂದವು. ವೇಳೆಯು ಮರಳಿ ತನ್ನ ಹಳೆಯ ಒಡೆಯನ ಕೈಗೆ ಬಂದಿತೆನ್ನಬಹುದು.

೭. ಉಪಸಂಹಾರ

ವಾಗ್ವಾದವು ವಿನೋದದೊಡನೆ ಬೆರೆತದ್ದೇ ದೋಷವೆಂದು ಕೆಲವರು ಹೇಳುತ್ತಾರೆ. ನಮ್ಮ ಕರಾವಳಿಯ ತಾಳಮದ್ದಳೆಯನ್ನು ಬಲ್ಲವರು ಈ ಮಾತನ್ನು ಸುಲಭವಾಗಿ ಒಪ್ಪಲಾರರು. ಅಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಅರ್ಥಧಾರಿಗಳ ವಾದ ಪ್ರತಿವಾದವೇ ಇರುಳೆಲ್ಲ ಜನರನ್ನು ಹಿಡಿದು ಕೂಡಿಸುತ್ತದೆ. ವಾದ ರಂಜಿಸಿದ ಮಾತ್ರಕ್ಕೆ ಹಗುರವಾಗುವುದಿಲ್ಲ. ಆದರೆ ಅಲ್ಲಿ ಪ್ರತಿವಾದಿಗೆ ತನ್ನ ಮಾತನ್ನು ಮುಗಿಸುವಷ್ಟು ಅವಕಾಶವಿರುತ್ತದೆ. ಅಮೆರಿಕದ ಟೆಲಿವಿಷನ್ ಚರ್ಚೆಗಳಲ್ಲಿ ಕೊರತೆಯಾದದ್ದು ಗಾಂಭೀರ್ಯವಲ್ಲ, ಈ ಅವಕಾಶ. ಅದನ್ನು ಯಾರು ಕೊಡುತ್ತಾರೆ, ಯಾವ ಶಾಸನದಿಂದ ಕೊಡುತ್ತಾರೆ, ಯಾವಾಗ ಹಿಂತೆಗೆದುಕೊಳ್ಳುತ್ತಾರೆ ಎಂಬುದರ ಮೇಲೆ ಆ ಸಂಸ್ಥೆಯ ಏಳುಬೀಳುಗಳೆಲ್ಲ ನಿಂತಿವೆ. ೧೯೬೦ರ ಇತಿಹಾಸವನ್ನು ತರಗತಿಯಲ್ಲಿ ಬೋಧಿಸುವಾಗ ನಿಕ್ಸನ್ನರ ಬಾಡಿದ ಮುಖದ ಚಿತ್ರವನ್ನು ತೋರಿಸುವುದರ ಜೊತೆಗೆ, ಅದಕ್ಕೆ ಒಂದು ತಿಂಗಳ ಹಿಂದೆ ಅಂಕಿತವಾದ ಆ ಪುಟ್ಟ ನಿರ್ಣಯವನ್ನೂ ವಿದ್ಯಾರ್ಥಿಗಳ ಮುಂದಿಡುವುದು ಅವಶ್ಯಕ. ಮುಖವು ಕಣ್ಣಿಗೆ ಕಾಣುತ್ತದೆ. ನಿರ್ಣಯವನ್ನು ಹುಡುಕಿ ಓದಬೇಕಾಗುತ್ತದೆ.